ಉದ್ದಿನ ಲೋಳೆಯಿಂದ ಹುಣಸೆ ಬೀಜದವರೆಗೆ: ಮೈಸೂರಿನ ಗೋಂದು ಸಂಶೋಧನೆಯ ಒಂದು ಎಳೆ

ಗೋಂದನ್ನು ರಾಸಾಯನಿಕವಾಗಿ ಮಾರ್ಪಡಿಸಿ ಕೈಗಾರಿಕೆಗೆ ಒಗ್ಗಿಸಿದ ಚರಿತ್ರೆಯನ್ನು ಸಾಮಾನ್ಯವಾಗಿ ರಾಜಸ್ಥಾನದ ಗಿರಣಿಗಳಿಂದಲೋ ಅಮೆರಿಕದ ತೈಲಬಾವಿಗಳಿಂದಲೋ ಆರಂಭಿಸುತ್ತಾರೆ. ಅದರ ಮುಖ್ಯವಾದೊಂದು ಎಳೆ ಮೈಸೂರಿನಲ್ಲಿದೆ. 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ನೆಲೆಗೊಂಡ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಗೋಂದಿನ ವಿಷಯದಲ್ಲಿ ಹಿಡಿದ ದಾರಿ ಬೇರೆಯದೇ ಆಗಿತ್ತು. ಆ ದಾರಿಗೆ ಸಲ್ಲಬೇಕಾದ ಗಮನ ಇನ್ನೂ ಸಂದಿಲ್ಲ ಎಂಬುದು ಈ ಲೇಖನದ ವಾದ.

ಮೊದಲ ಹೆಜ್ಜೆ ಇಡ್ಲಿಯದು. ಲಕ್ಷ್ಮೀಪುರಂ, ಅಗ್ರಹಾರ, ನಂಜುಮಳಿಗೆಯ ಮನೆಗಳಲ್ಲಿ ದಿನವೂ ನಡೆಯುವ ಕೆಲಸವನ್ನೇ ಪ್ರಯೋಗಶಾಲೆ ಪ್ರಶ್ನೆಯಾಗಿ ಎತ್ತಿಕೊಂಡಿತು: ಅಕ್ಕಿಯ ಜೊತೆ ಉದ್ದೇ ಏಕೆ ಬೇಕು? ಹಿಟ್ಟು ಉಬ್ಬುವುದರಲ್ಲಿ ಲ್ಯುಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾದ ಪಾತ್ರ 1965ರ ಹೊತ್ತಿಗೆ ದಾಖಲಾಗಿತ್ತು. ಸುಕ್ರೋಸ್ ಸಿಕ್ಕರೆ ಡೆಕ್ಸ್‌ಟ್ರಾನ್ ಎಂಬ ಗೋಂದನ್ನು ತಾನೇ ಹೆಣೆಯಬಲ್ಲ ಜೀವಿ ಅದು. ಆದರೆ ಉಬ್ಬಿದ ಹಿಟ್ಟು ಹಬೆಯಲ್ಲಿ ಕುಸಿಯದೆ ನಿಲ್ಲುವುದು ಹೇಗೆ? ಎನ್.ಎಸ್. ಸುಶೀಲಮ್ಮ ಮತ್ತು ಎಂ.ವಿ.ಎಲ್. ರಾವ್ 1970ರ ದಶಕದಲ್ಲಿ ಇದಕ್ಕೆ ಉತ್ತರ ಕೊಟ್ಟರು. ಉದ್ದಿನ ಗ್ಲಾಬ್ಯುಲಿನ್ ಪ್ರೋಟೀನು ನೊರೆ ಕಟ್ಟುತ್ತದೆ. ಅದರ ಲೋಳೆಯಲ್ಲಿರುವ ಅರಾಬಿನೊಗ್ಯಾಲಕ್ಟಾನ್ ಎಂಬ ಗೋಂದು ಆ ನೊರೆ ಬಿಸಿಗೆ ಒಡೆಯದಂತೆ ಕಾಯುತ್ತದೆ. ನನ್ನ ದೃಷ್ಟಿಯಲ್ಲಿ ಇದು ಕರ್ನಾಟಕದ ಆಹಾರ ವಿಜ್ಞಾನದ ಅತ್ಯುತ್ತಮ ಕೆಲಸಗಳಲ್ಲೊಂದು. ಗೋಂದನ್ನು ಬದಲಿಸುವ ಮುನ್ನ ಅದು ಮಾಡುವ ಕೆಲಸವನ್ನು ಅರಿಯಬೇಕೆಂಬ ಶಿಸ್ತು ಇಲ್ಲಿ ಕಾಣುತ್ತದೆ.

ಎರಡನೆಯ ಹೆಜ್ಜೆ ಗೋರಿಕಾಯಿಯದು. ಅದರ ಬೀಜದಿಂದ ತೆಗೆಯುವ ಗ್ವಾರ್ ಗೋಂದಿನ ಅಣು ಮ್ಯಾನೋಸ್ ಸಕ್ಕರೆಯ ಉದ್ದನೆಯ ಸರಪಳಿ. ಹೆಚ್ಚುಕಡಿಮೆ ಎರಡು ಮ್ಯಾನೋಸಿಗೊಂದರಂತೆ ಗ್ಯಾಲಕ್ಟೋಸ್ ಪಕ್ಕದ ಕೊಂಬೆಯಾಗಿ ಅಂಟಿರುತ್ತದೆ. ಕೊಂಬೆಗಳು ಸರಪಳಿಗಳನ್ನು ಒತ್ತಾಗಿ ಸೇರಗೊಡುವುದಿಲ್ಲ. ಆದ್ದರಿಂದಲೇ ಗ್ವಾರ್ ತಣ್ಣೀರಿನಲ್ಲೂ ಕರಗುತ್ತದೆ, ಆದರೆ ಜೆಲ್ಲಿಯಾಗುವುದಿಲ್ಲ. ಕೈಗಾರಿಕೆ ಇದಕ್ಕೆ ಹೊಸ ಕೊಂಬೆಗಳನ್ನು ಕಸಿ ಮಾಡಿತು. ಕ್ಷಾರದಲ್ಲಿ ಪ್ರೊಪಿಲೀನ್ ಆಕ್ಸೈಡ್ ಸೇರಿಸಿದರೆ ಹೈಡ್ರಾಕ್ಸಿಪ್ರೊಪೈಲ್ ಗ್ವಾರ್ ಸಿಗುತ್ತದೆ. ಅದನ್ನು ಬೋರೇಟ್‌ನಿಂದ ಬೆಸೆದು ಬಾವಿಗಿಳಿಸಿ, ಬಂಡೆ ಬಿರಿಯಿಸಿ ತೈಲ ತೆಗೆಯುತ್ತಾರೆ.

ಮೈಸೂರಿನಲ್ಲಿ ಇದಕ್ಕೆ ತದ್ವಿರುದ್ಧವಾದ ಪ್ರಯೋಗ ನಡೆಯಿತು, ಅಂದರೆ ಕೊಂಬೆ ಸವರುವುದು. ಮೆಡಿಟರೇನಿಯನ್ ತೀರದ ಕ್ಯಾರಬ್ ಮರದ ಬೀಜದ ದುಬಾರಿ ಗೋಂದಿನಲ್ಲಿ ನಾಲ್ಕು ಮ್ಯಾನೋಸಿಗೆ ಸುಮಾರು ಒಂದೇ ಗ್ಯಾಲಕ್ಟೋಸ್. ಕ್ಸಾಂಥೊಮೊನಾಸ್ ಬ್ಯಾಕ್ಟೀರಿಯಾ ಕೊಡುವ ಕ್ಸಾಂಥನ್ ಗೋಂದು, 1969ರಲ್ಲಿ ಅಮೆರಿಕ ಆಹಾರಕ್ಕೆ ಒಪ್ಪಿದ್ದು, ಈ ಬರಿದಾದ ಸರಪಳಿಗಳ ಜೊತೆ ಸೇರಿ ಗಟ್ಟಿ ಜೆಲ್ಲಿ ಕಟ್ಟುತ್ತದೆ. ಗ್ವಾರ್‌ನ ಕೊಂಬೆಗಳನ್ನು ಕಡಿಮೆ ಮಾಡಿದರೆ ಅದೂ ಹಾಗೆಯೇ ವರ್ತಿಸಬೇಕು. ಆರ್.ಎನ್. ತಾರಾನಾಥನ್ ಮತ್ತು ಎಂ.ಎಸ್. ಶೋಭಾ ಮೊದಲಾದವರು 2005ರಲ್ಲಿ ಆಸ್ಪರ್ಜಿಲಸ್ ನೈಗರ್ ಶಿಲೀಂಧ್ರದ ಪೆಕ್ಟಿನೇಸನ್ನೂ ಆಮೇಲೆ ಪುಲ್ಯುಲನೇಸನ್ನೂ ಗ್ವಾರ್ ಮೇಲೆ ಪ್ರಯೋಗಿಸಿದರು. ಪುಲ್ಯುಲನೇಸ್ ಪಿಷ್ಟದ ಕವಲು ಕತ್ತರಿಸುವ ಕಿಣ್ವ, ಗೋಂದು ಅದರ ಕ್ಷೇತ್ರವಲ್ಲ. ಆದರೂ ಅದು ಗ್ಯಾಲಕ್ಟೋಸನ್ನು ಬಿಡಿಸಿತು. ಪಿಷ್ಟದ ಕವಲೂ ಗ್ವಾರ್‌ನ ಕೊಂಬೆಯೂ ಕೂಡಿಕೊಂಡಿರುವುದು ಆಲ್ಫಾ-1,6 ಎಂಬ ಒಂದೇ ಬಗೆಯ ಕೀಲಿನಲ್ಲಿ ಎಂಬುದನ್ನು ಗಮನಿಸಿದರೆ ಇದು ಅಚ್ಚರಿಯಾಗದು. ಹೀಗೆ ಸವರಿದ ಗ್ವಾರ್ ಕ್ಸಾಂಥನ್ ಜೊತೆ ಜೆಲ್ಲಿ ಕಟ್ಟುವ ಬಗೆಯನ್ನೂ ಅವರು ಅಳೆದು ಪ್ರಕಟಿಸಿದರು.

ಇಷ್ಟೆಲ್ಲ ಹೇಳಿದ ಮೇಲೆ ಹುಣಸೆಯ ಮಾತು ಬಾರದಿದ್ದರೆ ಕರ್ನಾಟಕದ ಗೋಂದಿನ ಚರಿತ್ರೆ ಅರ್ಧವಾಗುತ್ತದೆ. ನಮ್ಮ ಕಂಬಳಿ ನೇಕಾರರು ಹುಣಸೆ ಬೀಜದ ತಿರುಳನ್ನು ಬೇಯಿಸಿ ಗಂಜಿ ಮಾಡಿ, ಉಣ್ಣೆಯ ಹಾಸಿಗೆ ಸವರಿ ಬಿಸಿಲಲ್ಲಿ ಬಿಗಿಗೊಳಿಸುತ್ತ ಬಂದವರು. ಟಿ.ಪಿ. ಘೋಷ್ ಮತ್ತು ಎಸ್. ಕೃಷ್ಣ ಆ ತಿರುಳಿನಲ್ಲಿ ಶೇ. 46ರಿಂದ 48ರಷ್ಟು ಜೆಲ್ಲಿ ಕಟ್ಟುವ ವಸ್ತುವಿದೆ ಎಂದು ಪ್ರಕಟಿಸಿದ್ದು 1942ರಲ್ಲಿ. ಹತ್ತಿ, ಸೆಣಬಿನ ಗಿರಣಿಗಳು ಮೆಕ್ಕೆಜೋಳದ ಪಿಷ್ಟದ ಬದಲು ಇದನ್ನು ಹಿಡಿದವು. ಬೇಯಿಸದೆ ಇದು ಕರಗದು ಎಂಬುದೇ ತೊಡಕು. ಕಾಸ್ಟಿಕ್ ಸೋಡಾ ಮತ್ತು ಮೊನೊಕ್ಲೋರೊಅಸೆಟಿಕ್ ಆಮ್ಲ ಬಳಸಿ ಕಾರ್ಬಾಕ್ಸಿಮೀಥೈಲ್ ಗುಂಪನ್ನು ಅಂಟಿಸಿದಾಗ ತಣ್ಣೀರಿನಲ್ಲೇ ಕರಗಿ, ಪಾಲಿಯೆಸ್ಟರ್ ಬಟ್ಟೆಯ ಬಣ್ಣದಚ್ಚಿಗೆ ಒದಗಿತು. ಆದರೆ ಕ್ಲೋರೊಅಸೆಟಿಕ್ ಆಮ್ಲ ಚರ್ಮ ಸುಡುವ ವಿಷ, ಜೊತೆಗೆ ಉಪ್ಪು ಮತ್ತು ಗ್ಲೈಕೊಲೇಟ್ ತುಂಬಿದ ತ್ಯಾಜ್ಯ ನೀರು ಉಳಿಯುತ್ತದೆ. ಇತ್ತ ಜಪಾನಿನ ಸಂಶೋಧಕರು 1990ರ ದಶಕದಲ್ಲಿ ಕಿಣ್ವದಿಂದ ಹುಣಸೆ ಗೋಂದಿನ ಗ್ಯಾಲಕ್ಟೋಸ್ ಕೊಂಬೆಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚನ್ನು ತೆಗೆದು, ಬಿಸಿಯಾದಾಗ ಗಟ್ಟಿಯಾಗಿ ತಣಿದಾಗ ಕರಗುವ ಅಪರೂಪದ ಜೆಲ್ಲಿ ಪಡೆದರು.

ಮೈಸೂರಿನವರು ಗ್ವಾರ್ ಮೇಲೆ ಮಾಡಿದ್ದೂ ಜಪಾನಿನವರು ಹುಣಸೆಯ ಮೇಲೆ ಮಾಡಿದ್ದೂ ಒಂದೇ ವಿಚಾರ. ತುಮಕೂರು, ಕೋಲಾರದ ಹುಣಸೆಮರಗಳಿಂದ ಹಣ್ಣಿನ ಜೊತೆ ಬೀಜವೂ ಬರುತ್ತದೆ. ಬೀಜವನ್ನು ಬರಿಯ ಪುಡಿಯಾಗಿ ಮಾರಿಬಿಡುವುದು ನಷ್ಟದ ಬಾಬತ್ತು. ನಮ್ಮ ವಿಶ್ವವಿದ್ಯಾಲಯಗಳ ರಸಾಯನ ವಿಭಾಗಗಳು ಕಿಣ್ವದ ದಾರಿಯನ್ನು ಹುಣಸೆ ಬೀಜಕ್ಕೆ ಅನ್ವಯಿಸಬೇಕು. ಅದಕ್ಕೂ ಮೊದಲು ಯಾರಾದರೂ ಕಂಬಳಿ ನೇಕಾರರ ಬಳಿ ಕುಳಿತು, ಗಂಜಿಗೆ ಎಷ್ಟು ತಿರುಳು, ಎಷ್ಟು ನೀರು, ಎಷ್ಟು ಹೊತ್ತಿನ ಕುದಿ ಎಂಬುದನ್ನು ಬರೆದಿಡಲಿ.