ಹೆಸರು ಅಲ್ಲೇ ಉಳಿಯಿತು, ಜೀವ ಹಿರೋಶಿಮಾಕ್ಕೆ ಹೋಯಿತು

ಬ್ಲಾಗಿನ ಕಡೆ ತಲೆ ಹಾಕದೆ ಸುಮಾರು ದಿನಗಳಾದವು. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ :-) ಮೊನ್ನೆ ಹಳೇ ಫೋಟೋಗಳನ್ನು ಜೋಡಿಸುತ್ತಾ ಕೂತಿದ್ದಾಗ ಕಡು ಹಸಿರು ಬಣ್ಣದ ಪುಟ್ಟ ಕಾರೊಂದರ ಚಿತ್ರ ಸಿಕ್ಕಿತು. ಎರಡೇ ಸೀಟು, ಮಡಚುವ ಬಟ್ಟೆಯ ಟಾಪು. ಇಂಗ್ಲೆಂಡಿನಲ್ಲಿ ಆನ್‌ಸೈಟ್ ಇದ್ದಾಗ ನಮ್ಮ ಆಫೀಸಿನಲ್ಲಿದ್ದ ಹಿರಿಯರೊಬ್ಬರ ಕಾರು ಅದು. ಅರವತ್ತರ ದಶಕದ್ದು. ಯಾವ ಕಂಪನಿಯದು ಅಂತ ಹೇಳುವುದಿಲ್ಲ, ಯಾಕಂದರೆ ಮುಂದೆ ಅದರ ಬಗ್ಗೆ ದೂರೂ ಇದೆ!

ಆ ಕಾರು ಚಳಿಗಾಲದಲ್ಲಿ ವಾರಕ್ಕೆರಡು ಸಲ ಕೈ ಕೊಡುತ್ತಿತ್ತು. ನಿಂತ ಜಾಗದಲ್ಲೆಲ್ಲ ಎಣ್ಣೆಯ ರಂಗೋಲಿ. ಯಜಮಾನರಿಗೆ ಮಂಡಿನೋವು, ಕೆಳಗೆ ತೂರಿ ರಿಪೇರಿ ಮಾಡಲು ಆಗುತ್ತಿರಲಿಲ್ಲ. ಕೊನೆಗೆ "ಇದರ ಬದಲಿಗೆ ಹೊಸದೊಂದು ತಗೋಬೇಕು, ಯಾವುದು ತಗೊಳ್ಲಿ?" ಅಂತ ಊಟದ ಹೊತ್ತಿನಲ್ಲಿ ಎಲ್ಲರನ್ನೂ ಕೇಳಲು ಶುರು ಮಾಡಿದರು. ನಾನು ದೊಡ್ಡ ತಜ್ಞನ ಹಾಗೆ, "ಅದೇ ಕಂಪನಿಯ ಹೊಸ ಕಾರು ತಗೊಳ್ಳಿ, ಅದೇ ಲಾಂಛನ ಇರುತ್ತಲ್ಲ" ಅಂದೆ. ಅವರು ನಕ್ಕು ಸುಮ್ಮನಾದರು. ಯಾಕೆ ನಕ್ಕರು ಅಂತ ಗೊತ್ತಾಗಿದ್ದು ಆಮೇಲೆ, ಈ ಕಾರುಗಳ ಇತಿಹಾಸ ಓದಿದಾಗ. ಅದನ್ನೇ ನಿಮಗೂ ಹೇಳೋಣ ಅಂತ ಈ ಬರಹ. ಕಾರಿನ ಹುಚ್ಚು ಇಲ್ಲದವರೂ ಓದಬಹುದು, ಕಷ್ಟವೇನಿಲ್ಲ.

ಎರಡನೇ ಮಹಾಯುದ್ಧದ ನಂತರ ಸುಮಾರು ಮೂವತ್ತು ವರ್ಷ, ಅಗ್ಗದ ಸ್ಪೋರ್ಟ್ಸ್ ಕಾರು ಅಂದರೆ ಬ್ರಿಟನ್ನಿನದೇ ಅನ್ನುವ ಮಾತಿತ್ತು. ಎಮ್‌ಜಿ, ಟ್ರಯಂಫ್, ಆಸ್ಟಿನ್ ಹೀಲಿ, ಲೋಟಸ್... ಇವುಗಳಲ್ಲಿ ದೊಡ್ಡ ಪಾಲು ಹೋಗುತ್ತಿದ್ದದ್ದು ಅಮೆರಿಕಕ್ಕೆ. 1962ರಲ್ಲಿ ಬಂದ ಎಮ್‌ಜಿಬಿ 1980ರವರೆಗೆ ತಯಾರಾಗಿ 5 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅದೇ 1962ರಲ್ಲಿ ಲೋಟಸ್ ಕಂಪನಿ ಎಲಾನ್ ಅನ್ನುವ ಕಾರು ತಂದಿತು. ಮಧ್ಯದಲ್ಲಿ ಬೆನ್ನುಮೂಳೆಯಂಥ ಉಕ್ಕಿನ ಚಾಸಿ, ಮೇಲೆ ಫೈಬರ್ ಗ್ಲಾಸಿನ ಮೈ. ತೂಕ ಏಳುನೂರು ಕಿಲೋ ಆಸುಪಾಸು. ಇಂಜಿನ್ ಬರೀ 1558 ಸಿಸಿ. ಆದರೂ ತಿರುವುಗಳಲ್ಲಿ ಅದು ಓಡುವ ರೀತಿಗೆ ದೊಡ್ಡ ದೊಡ್ಡ ಕಾರುಗಳು ತಲೆ ಬಾಗುತ್ತಿದ್ದವು. ಕಾರಿನಲ್ಲಿ ಶಕ್ತಿ ಕಡಿಮೆ ಇದ್ದರೂ ಪರವಾಗಿಲ್ಲ, ತೂಕ ಕಡಿಮೆ ಇರಬೇಕು ಅನ್ನುವುದು ಲೋಟಸ್ ಸ್ಥಾಪಕ ಕಾಲಿನ್ ಚಾಪ್ಮನ್‌ನ ನಂಬಿಕೆ.

ಎಪ್ಪತ್ತರ ದಶಕ ಇವೆಲ್ಲಕ್ಕೂ ಶನಿಯಾಗಿ ಬಂತು. ಅಮೆರಿಕದಲ್ಲಿ ಹೊಗೆ ಮತ್ತು ಸುರಕ್ಷತೆಯ ಕಾನೂನುಗಳು ಬಿಗಿಯಾದವು. ಟಾಪಿಲ್ಲದ ಕಾರುಗಳನ್ನೇ ನಿಷೇಧಿಸಬಹುದು ಅಂತ ಕಂಪನಿಗಳು ಹೆದರಿದವು. ಎಮ್‌ಜಿಬಿಗೆ 1974ರಲ್ಲಿ ದಪ್ಪನೆಯ ಕರಿ ರಬ್ಬರ್ ಬಂಪರ್ ಬಂತು, ಕಾನೂನಿನ ಅಳತೆಗೆ ಸರಿಯಾಗಲೆಂದು ಕಾರನ್ನು ಎತ್ತರಿಸಿದರು. ಸ್ಪೋರ್ಟ್ಸ್ ಕಾರನ್ನು ಎತ್ತರಿಸುವುದು ಅಂದರೆ ಕುಸ್ತಿ ಪೈಲ್ವಾನನಿಗೆ ಹೈಹೀಲ್ಸ್ ಹಾಕಿದ ಹಾಗೆ! ಇಂಜಿನಿನ ಶಕ್ತಿಯೂ ಇಳಿಯಿತು. ಹೊಸ ಮಾದರಿಗೆ ಕಂಪನಿಯ ಹತ್ತಿರ ದುಡ್ಡಿರಲಿಲ್ಲ. ಎಲಾನ್ 1973ಕ್ಕೇ ನಿಂತುಹೋಗಿತ್ತು. 1980ರ ಅಕ್ಟೋಬರಿನಲ್ಲಿ ಎಮ್‌ಜಿಯ ಅಬಿಂಗ್ಡನ್ ಕಾರ್ಖಾನೆ ಬಾಗಿಲು ಹಾಕಿತು. ಇಟಲಿಯ ಆಲ್ಫಾ ರೋಮಿಯೋ ಸ್ಪೈಡರಿನಂಥ ಒಂದೆರಡು ಬಿಟ್ಟರೆ ಆ ಜಾತಿಯೇ ಅಳಿದ ಹಾಗಾಯಿತು.

ಈಗ ಕತೆ ಜಪಾನಿಗೆ ಹಾರುತ್ತದೆ. 1979ರಲ್ಲಿ ಬಾಬ್ ಹಾಲ್ ಅನ್ನುವ ಅಮೆರಿಕದ ಕಾರು ಪತ್ರಕರ್ತ ಮಜ್ದಾ ಕಂಪನಿಯ ಸಂಶೋಧನಾ ಮುಖ್ಯಸ್ಥ ಕೆನಿಚಿ ಯಮಾಮೊಟೊ ಅವರನ್ನು ಭೇಟಿಯಾದ. ಯಮಾಮೊಟೊ ಸಾಮಾನ್ಯರಲ್ಲ, ಮಜ್ದಾದ ರೋಟರಿ ಇಂಜಿನನ್ನು ರೂಪಿಸಿದ 47 ಜನರ ತಂಡದ ನಾಯಕ. "ನಾವು ಮುಂದೆ ಎಂಥ ಕಾರು ಮಾಡಬೇಕು ಅಂತೀರಿ?" ಅಂತ ಕೇಳಿದರಂತೆ. ಹಾಲ್ ಎದ್ದು ಬೋರ್ಡಿನ ಮೇಲೆ ಹಳೇ ಬ್ರಿಟಿಷ್ ಕಾರುಗಳಂಥ ಒಂದು ಸಣ್ಣ, ಅಗ್ಗದ, ಟಾಪಿಲ್ಲದ ಕಾರಿನ ಚಿತ್ರ ಬರೆದ. ಎರಡು ವರ್ಷದ ನಂತರ ಹಾಲ್ ಮಜ್ದಾದ ಕ್ಯಾಲಿಫೋರ್ನಿಯಾ ಕಚೇರಿಗೇ ಕೆಲಸಕ್ಕೆ ಸೇರಿದ. ಯಮಾಮೊಟೊ ಮುಂದೆ ಕಂಪನಿಯ ಅಧ್ಯಕ್ಷರಾದರು. ಬೋರ್ಡಿನ ಮೇಲಿನ ಚಿತ್ರಕ್ಕೆ ಜೀವ ಬಂದದ್ದು ಹೀಗೆ.

ಆದರೆ ಎಂಥ ಕಾರು ಅನ್ನುವುದರ ಬಗ್ಗೆ ಕಂಪನಿಯೊಳಗೇ ಪೈಪೋಟಿ ನಡೆಯಿತು. ಟೋಕಿಯೋ ತಂಡದವರ ಒಂದು ಯೋಜನೆಯಲ್ಲಿ ಇಂಜಿನ್ ಮುಂದೆ, ಎಳೆಯುವುದೂ ಮುಂದಿನ ಚಕ್ರ; ಇನ್ನೊಂದರಲ್ಲಿ ಇಂಜಿನ್ ನಡುವೆ. ಎರಡೂ ಆ ಕಾಲದ ಆಧುನಿಕ ರೀತಿಗಳು. ಕ್ಯಾಲಿಫೋರ್ನಿಯಾ ತಂಡ ಮಾತ್ರ ಹಳೇ ಪದ್ಧತಿಯನ್ನೇ ಹಿಡಿದು ಕೂತಿತು: ಇಂಜಿನ್ ಮುಂದೆ, ತಳ್ಳುವುದು ಹಿಂದಿನ ಚಕ್ರ. ಇದರಲ್ಲೇನು ವಿಶೇಷ ಅಂತೀರಾ? ಮುಂದಿನ ಚಕ್ರಕ್ಕೆ ತಿರುಗುವ ಕೆಲಸ ಮಾತ್ರ, ಹಿಂದಿನದಕ್ಕೆ ತಳ್ಳುವ ಕೆಲಸ. ಎರಡನ್ನೂ ಒಂದರ ಮೇಲೇ ಹೇರದಿದ್ದರೆ ಸ್ಟಿಯರಿಂಗ್ ಹಿಡಿದ ಕೈಗೆ ರಸ್ತೆ ನಿಜವಾಗಿ ಗೊತ್ತಾಗುತ್ತದೆ. 1984ರಲ್ಲಿ ಕ್ಯಾಲಿಫೋರ್ನಿಯಾದವರೇ ಗೆದ್ದರು. ಓಡುವ ಮೊದಲ ಮಾದರಿಯನ್ನು ಕಟ್ಟಲು ಕೊಟ್ಟಿದ್ದು ಎಲ್ಲಿ ಗೊತ್ತೇ? ಇಂಗ್ಲೆಂಡಿನ ವರ್ದಿಂಗ್ ಅನ್ನುವ ಊರಿನ ಸಂಸ್ಥೆಗೆ! 1985ರಲ್ಲಿ ಅದನ್ನು ಸಾಂಟಾ ಬಾರ್ಬರಾದ ರಸ್ತೆಗಳಲ್ಲಿ ಓಡಿಸಿದಾಗ ದಾರಿಯಲ್ಲಿ ಹೋಗುವವರು ಹಿಂದೆ ಬಿದ್ದು ಇದು ಯಾವ ಕಾರು ಅಂತ ಕೇಳಿದರಂತೆ.

ಮುಂದಿನ ಕೆಲಸ ತೊಶಿಹಿಕೊ ಹಿರಾಯ್ ಅವರ ಕೈಗೆ ಬಂತು. ಅವರು ತಂಡಕ್ಕೆ ಕೊಟ್ಟ ಮಂತ್ರ "ಜಿಂಬಾ ಇತ್ತಾಯ್", ಅಂದರೆ ಕುದುರೆ ಮತ್ತು ಸವಾರ ಒಂದೇ ಜೀವ. ಗೇರು ಬಾಕ್ಸಿನಿಂದ ಹಿಂದಿನ ಆಕ್ಸಲಿನವರೆಗೆ ಅಲ್ಯೂಮಿನಿಯಂ ತೊಲೆಯೊಂದನ್ನು ಜೋಡಿಸಿ, ಕಾಲೊತ್ತಿದ ತಕ್ಷಣ ಚಕ್ರಕ್ಕೆ ಸುದ್ದಿ ಮುಟ್ಟುವ ಹಾಗೆ ಮಾಡಿದರು. ಗೇರಿನ ಕಡ್ಡಿ ಮಣಿಕಟ್ಟು ತಿರುಗಿಸಿದರೆ ಸಾಕು ಅನ್ನುವಷ್ಟು ಗಿಡ್ಡ. ಸೈಲೆನ್ಸರಿನ ಸದ್ದನ್ನೂ ಹಳೇ ಕಾರುಗಳ ನೆನಪಾಗುವಂತೆ ಶ್ರುತಿ ಮಾಡಿದರು. 1989ರ ಫೆಬ್ರವರಿಯಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಎಮ್ಎಕ್ಸ್-5 ಮಿಯಾಟಾ ತೆರೆ ಸರಿಸಿತು. 1.6 ಲೀಟರ್, 116 ಅಶ್ವಶಕ್ತಿ, ತೂಕ ಸಾವಿರ ಕಿಲೋಗಿಂತ ಕಡಿಮೆ. ಅಮೆರಿಕದಲ್ಲಿ ಬೆಲೆ 13,800 ಡಾಲರ್. ದುಂಡನೆ ಮೈ, ಎದ್ದು ನಿಲ್ಲುವ ದೀಪಗಳು... ನೋಡಿದವರಿಗೆಲ್ಲ ಹಳೇ ಎಲಾನ್ ನೆನಪಾಯಿತು. ಮಳೆಯಲ್ಲಿ ಸೋರಲಿಲ್ಲ, ಬೆಳಿಗ್ಗೆ ಕೀ ತಿರುಗಿಸಿದರೆ ಶುರುವಾಗುತ್ತಿತ್ತು, ಅಷ್ಟೇ ವ್ಯತ್ಯಾಸ.

ತಮಾಷೆ ಏನಂದರೆ, ಅದೇ 1989ರಲ್ಲಿ ನಿಜವಾದ ಎಲಾನ್ ಕೂಡ ವಾಪಸ್ ಬಂತು! ಆಗ ಜನರಲ್ ಮೋಟರ್ಸ್ ಕೈಯಲ್ಲಿದ್ದ ಲೋಟಸ್, ಹಳೇ ಹೆಸರಿನಲ್ಲೇ ಹೊಸ ಕಾರು ಬಿಟ್ಟಿತು. ಇಂಜಿನ್ ಜಪಾನಿನ ಇಸುಜು ಕಂಪನಿಯದು, ಎಳೆಯುವುದು ಮುಂದಿನ ಚಕ್ರ. ಕೆಟ್ಟ ಕಾರೇನಲ್ಲ, ತಿರುವಿನಲ್ಲಿ ಅದರ ಹಿಡಿತವನ್ನು ಎಲ್ಲರೂ ಹೊಗಳಿದರು. ಆದರೆ ಬೆಲೆ ದುಬಾರಿ. 1992ರಲ್ಲಿ ನಿಲ್ಲಿಸಿದರು. ಆಮೇಲೆ ಇನ್ನೊಂದು 800 ಕಾರು ಮಾಡಿ, ಕೊನೆಗೆ ಕೊರಿಯಾದ ಕಿಯಾ ಕಂಪನಿಗೆ ಕೊಟ್ಟರು. ಎಮ್‌ಜಿಯ ಕತೆಯೂ ಇಂಥದ್ದೇ. ರೋವರ್ ಕಂಪನಿ 1992ರಲ್ಲಿ ಎಮ್‌ಜಿಬಿಯ ಮೈಯನ್ನೇ ತಿದ್ದಿ, ದೊಡ್ಡ ವಿ-8 ಇಂಜಿನ್ ಕೂರಿಸಿ ಆರ್‌ವಿ8 ಅಂತ ತಂದಿತು. ಸುಮಾರು 2000 ಕಾರು ಮಾಡಿದರು. ಅದರಲ್ಲಿ ಹೆಚ್ಚಿನವು ಎಲ್ಲಿಗೆ ಹೋದವು ಹೇಳಿ? ಜಪಾನಿಗೆ!

ಅಂದರೆ ಲೋಟಸ್ ಹತ್ತಿರ ಹೆಸರಿತ್ತು, ರೋವರ್ ಹತ್ತಿರ ಮೈಯಿತ್ತು. ಹಳೇ ಕಾರು ಓಡಿಸುವಾಗ ಆಗುತ್ತಿದ್ದ ಖುಷಿಯನ್ನು ಮಾತ್ರ ಕೂತು ಅಳೆದು, ಬಿಡಿಸಿ, ಮತ್ತೆ ಕಟ್ಟಿದವರು ಹಿರೋಶಿಮಾದವರು. ಮಜ್ದಾ ಬರೀ ನಕಲು ಮಾಡಿತು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಕಲು ಮಾಡುವವನು ಕಣ್ಣಿಗೆ ಕಾಣುವುದನ್ನು ಎತ್ತಿಕೊಳ್ಳುತ್ತಾನೆ. ಇವರು ಕಾಣದ್ದನ್ನು ಎತ್ತಿಕೊಂಡರು, ಎಣ್ಣೆ ಸೋರಿಕೆಯನ್ನು ಅಲ್ಲೇ ಬಿಟ್ಟರು.

2000ದಲ್ಲಿ ಗಿನ್ನೆಸ್ ದಾಖಲೆ, 2016ರ ಏಪ್ರಿಲಿನಲ್ಲಿ ಹತ್ತು ಲಕ್ಷದ ಕಾರು. ನಡುವೆ ಇದೂ ಸ್ವಲ್ಪ ದಪ್ಪಗಾಗಿತ್ತು. 2015ರ ನಾಲ್ಕನೇ ತಲೆಮಾರಿನಲ್ಲಿ ಸುಮಾರು ನೂರು ಕಿಲೋ ಇಳಿಸಿ ಮತ್ತೆ ತೆಳ್ಳಗಾಯಿತು. ಎಷ್ಟರ ಮಟ್ಟಿಗೆ ಅಂದರೆ, 2016ರಲ್ಲಿ ಇಟಲಿಯ ಫಿಯಟ್ ತನ್ನ ಹಳೇ 124 ಸ್ಪೈಡರ್ ಹೆಸರನ್ನು ಎಬ್ಬಿಸಬೇಕಾದಾಗ ಆ ಕಾರನ್ನೂ ಹಿರೋಶಿಮಾದಲ್ಲೇ, ಇದರ ತಳಪಾಯದ ಮೇಲೇ ಕಟ್ಟಿಸಿತು.

ಮತ್ತೆ ನಮ್ಮ ಯಜಮಾನರ ವಿಷಯ. ಅವರು ನನ್ನ ಸಲಹೆ ಕೇಳಲಿಲ್ಲ, ಎಮ್ಎಕ್ಸ್-5 ತಗೊಂಡರು. ಹಸಿರು ಕಾರನ್ನು ಒಬ್ಬ ಹುಡುಗನಿಗೆ ಮಾರಿದರು. ಅದು ಗೇಟು ದಾಟಿ, ಸದ್ದು ಪೂರ್ತಿ ಕರಗುವ ತನಕ ಅಲ್ಲೇ ನಿಂತಿದ್ದರು. ಮುಂದಿನ ವಾರ ಹೊಸ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಹೋದರು. ಟಾಪು ತೆಗೆದಿತ್ತು, ರಸ್ತೆ ಸುತ್ತಿಕೊಂಡು ಹೋಗುತ್ತಿತ್ತು, ಅವರ ಮುಖದಲ್ಲಿ ಅದೇ ಹಳೇ ನಗು. "ಹೇಗಿದೆ?" ಅಂದೆ. "ಎಲ್ಲಾ ಅದೇ ಇದೆ. ಬೆಳಿಗ್ಗೆ ಶುರುವಾಗುತ್ತೋ ಇಲ್ಲವೋ ಅನ್ನೋ ಭಯ ಒಂದು ಇಲ್ಲ. ಅದನ್ನೂ ಇಷ್ಟಪಡ್ತಿದ್ದೆ ಅಂತ ಈಗ ಗೊತ್ತಾಗ್ತಿದೆ" ಅಂದರು.

ಆ ಕೊನೆಯ ಮಾತಿಗೆ ಯಾವ ಇಂಜಿನಿಯರೂ ಉತ್ತರ ಕೊಡಲಾರ. ಇನ್ನೂ ಒಂದು ವಿಷಯ: ಮೊದಲ ತಲೆಮಾರಿನ ಎಮ್ಎಕ್ಸ್-5 ಈಗ ತಾನೇ ಮುದಿಯಾಗಿದೆ. ಅದನ್ನು ಬಿಡಲಾಗದವರಿಗಾಗಿ ಮಜ್ದಾ 2017ರಲ್ಲಿ ಜಪಾನಿನಲ್ಲಿ ಹಳೇ ಕಾರುಗಳನ್ನು ಹೊಸದು ಮಾಡಿಕೊಡುವ ಸೇವೆಯನ್ನು ಪ್ರಕಟಿಸಿತು. ಬದಲಿಯಾಗಿ ಬಂದದ್ದಕ್ಕೇ ಈಗ ಬದಲಿ ಸಿಗುತ್ತಿಲ್ಲ ನೋಡಿ!

ನಿಮ್ಮ ಮನೆಯಲ್ಲೂ ಹೀಗೆ ಬಿಡಲಾರದೆ ಬಿಟ್ಟ ಗಾಡಿ ಯಾವುದಾದರೂ ಇತ್ತೇ? ಅದರ ಜಾಗಕ್ಕೆ ಬಂದದ್ದು ಜಾಗ ತುಂಬಿತೇ?