ಕ್ಯಾಮೆರಾ ಕಳಿಸಿದವನು ಚಿತ್ರದಲ್ಲಿಲ್ಲ

ನಮ್ಮ ಹಿರಿಯರಲ್ಲಿ ಹಲವರ ಬದುಕಿನ ಮೊದಲ ಫೋಟೋ ಮದುವೆಯದ್ದಲ್ಲ, ಪಾಸ್‌ಪೋರ್ಟಿನದ್ದು. ಊರಿನ ಸ್ಟುಡಿಯೋದಲ್ಲಿ ಉಸಿರು ಬಿಗಿಹಿಡಿದು ಕುಳಿತು ತೆಗೆಸಿಕೊಂಡ ಕಪ್ಪು-ಬಿಳುಪು ಚಿತ್ರ. ಒಂದು ಪ್ರತಿ ಅರ್ಜಿಗೆ ಹೋಯಿತು, ಇನ್ನೊಂದು ತಾಯಿಯ ಪೆಟ್ಟಿಗೆ ಸೇರಿತು. ಫೋಟೋ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ್ದ ಅಜ್ಜಿಯರೂ ಆ ಚಿತ್ರವನ್ನು ಜೋಪಾನ ಮಾಡಿದರು.

ಆ ಕಾಲದಲ್ಲಿ ಮನೆಯೊಳಗಿನ ಫೋಟೋ ಸುಲಭದ ಮಾತಾಗಿರಲಿಲ್ಲ. ನಮ್ಮ ಹಂಚಿನ ಮನೆಗಳ ಚಾವಡಿಯಲ್ಲಿ ಬೆಳಕು ಕಡಿಮೆ. ಫ್ಲ್ಯಾಶ್ ಬೇರೆಯೇ ಬೇಕು, ದೂರದ ಲೆಕ್ಕ ಗೊತ್ತಿರಬೇಕು. ಹಾಗಾಗಿ ಮದುವೆಗೆ ಪೇಟೆಯಿಂದ ಫೋಟೋಗ್ರಾಫರ್ ಬಂದರೆ ಬಂದ. ನಾಮಕರಣ, ಸೀಮಂತ, ತೊಟ್ಟಿಲು ಶಾಸ್ತ್ರಗಳು ಚಿತ್ರವಿಲ್ಲದೆಯೇ ಮುಗಿದುಹೋದವು.

ಇದನ್ನು ಬದಲಿಸಿದ್ದು ಜಪಾನಿನ ಪುಟ್ಟ ಕ್ಯಾಮೆರಾಗಳು. 1975ರಲ್ಲಿ ಕೊನಿಕಾ ಕಂಪನಿ ಫ್ಲ್ಯಾಶನ್ನು ಕ್ಯಾಮೆರಾದ ಒಳಗೇ ಕೂರಿಸಿತು. 1977ರಲ್ಲಿ ತಾನಾಗಿ ಫೋಕಸ್ ಮಾಡಿಕೊಳ್ಳುವ ಮಾದರಿಯನ್ನೂ ತಂದಿತು. ಯಾಶಿಕಾ, ಕ್ಯಾನನ್ ಮುಂತಾದವೂ ಅದೇ ದಾರಿ ಹಿಡಿದವು. ಎಣ್ಣೆಯ ಹಣದಿಂದ ಕೊಲ್ಲಿಯ ಊರುಗಳು ಏಳುತ್ತಿದ್ದ ಕಾಲವೂ ಅದೇ. ಭಾರತದಲ್ಲಿ ವಿದೇಶಿ ಕ್ಯಾಮೆರಾ ಅಪರೂಪ, ಬೆಲೆಯೂ ದುಬಾರಿ. ದುಬೈನ ದೇರಾ, ಬಹ್ರೇನಿನ ಮನಾಮದ ಅಂಗಡಿಗಳಲ್ಲಿ ಅವು ಗಾಜಿನ ಕಪಾಟಿನ ತುಂಬ.

ಕೊಳ್ಳುವಾಗ ನಮ್ಮವರು ನೋಡುತ್ತಿದ್ದದ್ದು ಲೆನ್ಸಿನ ಅಂಕಿಗಳನ್ನಲ್ಲ. ಊರಿನ ಅಂಗಡಿಯಲ್ಲಿ ಸಿಗುವ ಪೆನ್ಸಿಲ್ ಸೆಲ್ಲಿನಿಂದ ನಡೆಯುತ್ತದೆಯೇ? ಫ್ಲ್ಯಾಶ್ ಒಳಗೇ ಇದೆಯೇ? ಹೆಂಡತಿಯೋ ತಮ್ಮನೋ ಗುಂಡಿ ಒತ್ತಿದರೆ ಚಿತ್ರ ಬೀಳುತ್ತದೆಯೇ? ಏಕೆಂದರೆ ಕ್ಯಾಮೆರಾ ಬಳಸುವವರು ಅವರು, ನಾವಲ್ಲ. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಬಂದದ್ದು 2006ರಲ್ಲಿ. ಅದಕ್ಕೆ ಮೊದಲು ಆ ಕ್ಯಾಮೆರಾ ಮುಂಬಯಿಯ ಸುಂಕದ ಕಟ್ಟೆ ದಾಟಿ, ಅಲ್ಲಿಂದ ಬಸ್ಸಿನಲ್ಲಿ ಮಡಿಲ ಮೇಲೆ ಕುಳಿತು ಕರಾವಳಿಗೆ ಬರುತ್ತಿತ್ತು.

ಒಂದು ರೋಲಿಗೆ 36 ಚಿತ್ರ. ನಾಮಕರಣಕ್ಕೆ ಹತ್ತು ತೆಗೆದರೆ ಉಳಿದದ್ದು ಮುಂದಿನ ಶುಭಕಾರ್ಯದವರೆಗೆ ಒಳಗೇ ಕಾಯಬೇಕು. ತೊಳೆಸಿ, ರಜೆ ಮುಗಿಸಿ ಮರಳುವವರ ಕೈಯಲ್ಲಿ ಕೊಟ್ಟು, ಇಲ್ಲಿನ ರೂಮು ಸೇರುವ ಹೊತ್ತಿಗೆ ಮಗು ಅಂಬೆಗಾಲಿಕ್ಕುತ್ತಿರುತ್ತಿತ್ತು. ಆಮೇಲೆ ಬಂದದ್ದು ವಿಡಿಯೋ ಕ್ಯಾಸೆಟ್. ಒಬ್ಬನ ತಂಗಿಯ ಮದುವೆಯನ್ನು ರೂಮಿನ ಎಂಟು ಜನ ಶುಕ್ರವಾರ ಕೂತು ನೋಡಿದೆವು. ಧಾರೆಯ ಹೊತ್ತಿಗೆ ಅಣ್ಣ ಎದ್ದು ಹೊರಗೆ ಹೋದ. ಯಾರೂ ಏನೂ ಕೇಳಲಿಲ್ಲ.

1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿತು. ಆಮೇಲೆ ಸುಮಾರು 1,70,000 ಭಾರತೀಯರನ್ನು ಅಮ್ಮಾನ್‌ನಿಂದ ವಿಮಾನಗಳಲ್ಲಿ ಕರೆತರಲಾಯಿತು. ಕೈಚೀಲವೊಂದನ್ನೇ ಹಿಡಿದು ಹೊರಟವರು ಆಲ್ಬಮ್‌ಗಳನ್ನು ಎಲ್ಲಿ ಹೊತ್ತಾರು? ಅಂಥವರ ಪಾಲಿಗೆ ಉಳಿದದ್ದು ಹಿಂದೆ ಊರಿಗೆ ಕಳಿಸಿದ್ದ ಪ್ರತಿಗಳಷ್ಟೇ. ಎರಡು ಕಡೆ ಇಟ್ಟ ಚಿತ್ರವೇ ಬದುಕುತ್ತದೆ ಎಂಬ ಪಾಠ ಅದು.

ಆ ಪಾಠ ಇಂದು ಇನ್ನೂ ಹೆಚ್ಚು ಬೇಕು. ಫಿಲ್ಮಿನ ದೊರೆಯಾಗಿದ್ದ ಕೊಡಾಕ್ 2012ರಲ್ಲಿ ದಿವಾಳಿತನ ಘೋಷಿಸಿತು. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ, ಸಾವಿರಾರು ಚಿತ್ರಗಳಿವೆ. ಫೋನು ನೀರಿಗೆ ಬಿದ್ದರೆ ಒಂದೂ ಇಲ್ಲ. ಹಾಗಾಗಿ ಹೊಸ ಕ್ಯಾಮೆರಾ ಯಾವುದು ಕೊಳ್ಳಲಿ ಎಂದು ಕೇಳುವ ತಮ್ಮಂದಿರಿಗೆ ನಾವು ಹೇಳುವುದಿಷ್ಟು: ಮನೆಯ ಶುಭಕಾರ್ಯಕ್ಕೆ ಕೈಯಲ್ಲಿರುವ ಒಳ್ಳೆಯ ಫೋನೇ ಸಾಕು. ಉಳಿದ ದುಡ್ಡಿನಲ್ಲಿ ಪ್ರಿಂಟ್ ಹಾಕಿಸಿ, ಹಿಂದೆ ಹೆಸರು, ತಾರೀಖು ಬರೆದು, ಒಂದು ಪ್ರತಿ ಊರಲ್ಲಿ, ಒಂದು ಇಲ್ಲಿ ಇಡಿ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಹಾಗೇ ತಲುಪುತ್ತದೆ.

ಇನ್ನೊಂದು ಮಾತು. ನಮ್ಮ ಹಳೆಯ ಆಲ್ಬಮ್‌ಗಳನ್ನು ತೆರೆದು ನೋಡಿ. ತೊಟ್ಟಿಲಲ್ಲಿ ಮಗು, ಸುತ್ತ ಅಜ್ಜಿ, ಅತ್ತೆ, ಚಿಕ್ಕಪ್ಪ. ಕ್ಯಾಮೆರಾ ಕಳಿಸಿದ ಅಪ್ಪ ಮಾತ್ರ ಇಲ್ಲ. ಅವನು ಇರುವ ಚಿತ್ರದಲ್ಲಿ ಮಗಳು ಕೇಕ್ ಕತ್ತರಿಸುತ್ತಿದ್ದಾಳೆ. ಅವಳು ಹುಟ್ಟಿದ್ದು ಜನವರಿಯಲ್ಲಿ, ಚಿತ್ರದ ಮೂಲೆಯ ಕಿತ್ತಳೆ ಅಂಕಿ ಜುಲೈ ಎನ್ನುತ್ತದೆ. ಹುಟ್ಟುಹಬ್ಬ ಅಪ್ಪನ ರಜೆಗಾಗಿ ಆರು ತಿಂಗಳು ಕಾದಿತ್ತು.

ನಮ್ಮ ಚರಿತ್ರೆಯನ್ನು ಬರೆಯುವವರು ಮುಂದೆ ಬಂದರೆ ಅವರಿಗೆ ಆ ಅಂಕಿ ಬೇಕಾಗುತ್ತದೆ. ಈ ಸಲ ರಜೆಯಲ್ಲಿ ಫೋನನ್ನು ಬೇರೆಯವರ ಕೈಗೆ ಕೊಟ್ಟು, ನೀವೂ ಹೋಗಿ ಸಾಲಿನಲ್ಲಿ ನಿಲ್ಲಿ.