ದೊಡ್ಡರೋಗ, ಗಿಣ್ಣು ಮತ್ತು ದನದ ನೆನಪು

2022ರ ಮಾತು. ಚರ್ಮಗಂಟು ರೋಗ ರಾಜ್ಯದ ತುಂಬಾ ಓಡಾಡುತ್ತಿದ್ದ ಸಮಯ. ನಾನು ರಜೆ ಹಾಕಿ ಭೀಮನಬೀಡಿಗೆ ಹೋಗಿದ್ದೆ. (ಗೊತ್ತಿಲ್ಲದವರಿಗೆ: ಗುಂಡ್ಲುಪೇಟೆ ತಾಲ್ಲೂಕಿನ ಊರು. ಮೊದಲು ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ.) ಬೀದಿಯಲ್ಲಿ ದನಗಳನ್ನು ಸಾಲಾಗಿ ಕಟ್ಟಿ ಸೂಜಿ ಚುಚ್ಚುತ್ತಿದ್ದರು. ಪಕ್ಕದ ಮನೆಯ ಹಿರಿಯರು "ಇದ್ಯಾವ ಮದ್ದಪ್ಪಾ?" ಅಂದರು. ಲಸಿಕೆ ಹಾಕುತ್ತಿದ್ದ ಹುಡುಗ "ಮೇಕೆ ಸಿಡುಬಿನದು ಯಜಮಾನ್ರೇ" ಅಂದ. ಹಿರಿಯರಿಗೆ ನಗುವೋ ನಗು. "ಮೇಕೆ ಕಾಯಿಲೆ ಮದ್ದು ಹಸೂಗೆ! ಇನ್ನೇನ್ ನೋಡ್ಬೇಕೋ..."

ನಾನೂ ನಕ್ಕೆ. ಆದರೆ ಬೆಂಗಳೂರಿಗೆ ವಾಪಸ್ ಬಂದ ಮೇಲೂ ಆ ಮಾತು ತಲೆಯಲ್ಲಿ ಉಳಿದುಬಿಟ್ಟಿತು. ಓದುತ್ತಾ ಹೋದಂತೆ ಗೊತ್ತಾಗಿದ್ದು, ಮೇಕೆಯಿಂದ ಹಸು ಬದುಕಿದ್ದು ಇದೇ ಮೊದಲಲ್ಲ ಅಂತ. ಹಿಂದೊಮ್ಮೆ ಮೇಕೆಯ ದಯದಿಂದಲೇ ಈ ದೇಶದ ದನಗಳು ಇನ್ನೂ ದೊಡ್ಡ ಗಂಡಾಂತರ ದಾಟಿದ್ದವು. ಅದರ ಹೆಸರೇ ದೊಡ್ಡರೋಗ. ಇಂಗ್ಲಿಷಿನವರು ರಿಂಡರ್‌ಪೆಸ್ಟ್ ಅನ್ನುತ್ತಾರೆ.

ನಮ್ಮಜ್ಜಿ ಈ ಹೆಸರನ್ನು ಜೋರಾಗಿ ಹೇಳುತ್ತಿರಲಿಲ್ಲ. ಹೇಳಿದರೆ ಬರುತ್ತದೇನೋ ಎಂಬ ಭಯ. ಜ್ವರ, ಕಣ್ಣು ಮೂಗಿನಲ್ಲಿ ನೀರು, ಬಾಯಿ ತುಂಬಾ ಹುಣ್ಣು, ಆಮೇಲೆ ನಿಲ್ಲದ ಭೇದಿ... ವಾರ ಹತ್ತು ದಿನದಲ್ಲಿ ಕೊಟ್ಟಿಗೆ ಖಾಲಿ. ಉಳುವ ಎತ್ತು ಸತ್ತರೆ ಆ ವರ್ಷದ ಬೆಳೆಯೂ ಸತ್ತಂತೆ. ಆದರೆ ಅಜ್ಜಿ ಇನ್ನೊಂದು ಮಾತೂ ಹೇಳುತ್ತಿದ್ದಳು: "ಒಂದ್ಸಲ ಗೆದ್ದ ದನ ಮತ್ತೆ ಬೀಳಕಿಲ್ಲ ಕಣಪ್ಪ." ಸಂತೆಯಲ್ಲಿ ಅಂಥ ಎತ್ತಿಗೆ ಹೆಚ್ಚು ಬೆಲೆಯಂತೆ.

ಅಕ್ಷರ ಬಾರದ ಅಜ್ಜಿ ಹೇಳಿದ್ದು ಇಡೀ ರೋಗನಿರೋಧಕ ಶಾಸ್ತ್ರದ ತಿರುಳು! ದನದ ಮೈಗೆ ಕಾವಲು ಎರಡು ಸುತ್ತಿನದು. ಚರ್ಮ, ಮೂಗು ಬಾಯಿಯ ಲೋಳೆ, ಹೊಟ್ಟೆಯ ಆಮ್ಲ, ಒಳಗೆ ಬಂದದ್ದನ್ನು ನುಂಗುವ ಬಿಳಿ ರಕ್ತಕಣಗಳು, ಜ್ವರ... ಇವೆಲ್ಲ ಮೊದಲ ಸುತ್ತು. ಬಂದವನು ಯಾರೇ ಆಗಲಿ, ಹಿಡಿದು ಬಡಿಯುವುದಷ್ಟೇ ಇವುಗಳ ಕೆಲಸ. ಎರಡನೆಯದು ಲಿಂಫೋಸೈಟ್ ಎಂಬ ಕಣಗಳದ್ದು. ಇವು ನಿಧಾನ. ಬಂದವನ ಗುರುತು ಹಿಡಿದು, ಅವನಿಗೇ ತಕ್ಕ ಪ್ರತಿಕಾಯಗಳನ್ನು ತಯಾರಿಸಲು ದಿನಗಳೇ ಬೇಕು. ಆದರೆ ಒಮ್ಮೆ ಕಲಿತರೆ ಅವುಗಳಲ್ಲಿ ಕೆಲವು ವರ್ಷಗಟ್ಟಲೆ ನೆನಪಿಟ್ಟುಕೊಂಡು ಕಾಯುತ್ತವೆ. ದೊಡ್ಡರೋಗದ ವೈರಸ್ಸಿನ ಕುಯುಕ್ತಿ ನೋಡಿ, ಅದು ಮೊದಲು ಕೈಹಾಕುತ್ತಿದ್ದುದೇ ಈ ಲಿಂಫೋಸೈಟ್‌ಗಳಿಗೆ. ಕಳ್ಳ ಬಂದವನೇ ಕಾವಲುಗಾರನನ್ನೇ ಕೊಂದ ಹಾಗೆ. ಇದನ್ನೂ ತಾಳಿಕೊಂಡು ಉಳಿದ ದನಕ್ಕೆ ಮಾತ್ರ ಸಾಯುವತನಕ ನೆನಪು.

ಹಾಗಾದರೆ ಸಾಯದೆ ಆ ನೆನಪನ್ನು ಪಡೆಯುವುದು ಹೇಗೆ? ಇದೇ ಸುಮಾರು ಒಂದು ನೂರು ವರ್ಷ ವಿಜ್ಞಾನಿಗಳನ್ನು ಕಾಡಿದ ಪ್ರಶ್ನೆ.

ಮನುಷ್ಯನ ವಿಷಯದಲ್ಲಿ ಉತ್ತರ ಕೊಟ್ಟಿದ್ದು ಹಸುವೇ. 1796ರಲ್ಲಿ ಜೆನ್ನರ್ ಹಸುವಿನ ಸಿಡುಬಿನಿಂದ ಮನುಷ್ಯರ ಸಿಡುಬನ್ನು ತಡೆದ. ವ್ಯಾಕ್ಸಿನ್ ಎಂಬ ಪದವೇ ಲ್ಯಾಟಿನ್ನಿನ 'ವಾಕಾ', ಅಂದರೆ ಹಸು, ಎಂಬುದರಿಂದ ಬಂದದ್ದು. ಆದರೆ ಹಸುವಿಗೆ ಸಹಾಯ ಮಾಡುವವರು ಯಾರು? 1890ರ ದಶಕದಲ್ಲಿ ದೊಡ್ಡರೋಗ ಆಫ್ರಿಕಾ ಹೊಕ್ಕಾಗ ಅಲ್ಲಿನ ಪೂರ್ವ ಮತ್ತು ದಕ್ಷಿಣ ಭಾಗಗಳಲ್ಲಿ ನೂರಕ್ಕೆ ಎಂಬತ್ತು ತೊಂಬತ್ತು ದನ ಸತ್ತವು. ದನದ ಹಿಂದೆಯೇ ಜನಕ್ಕೆ ಬರ ಬಂತು.

ಭಾರತದಲ್ಲಿ 1889ರಲ್ಲಿ ಪುಣೆಯಲ್ಲಿ ಒಂದು ಬ್ಯಾಕ್ಟೀರಿಯಾ ಪ್ರಯೋಗಾಲಯ ಶುರುವಾಯಿತು. ಊರ ಮಧ್ಯೆ ಇಂಥ ರೋಗವನ್ನು ಇಟ್ಟುಕೊಳ್ಳುವುದು ಅಪಾಯ ಅಂತ 1893ರಲ್ಲಿ ಅದನ್ನು ಹಿಮಾಲಯದ ಮುಕ್ತೇಶ್ವರಕ್ಕೆ ಸಾಗಿಸಿದರು. ಅಲ್ಲಿ ತಯಾರಾಗಿದ್ದು ಸೀರಂ. ರೋಗ ಗೆದ್ದ ದನದ ರಕ್ತದಿಂದ ತೆಗೆದ ತಿಳಿ. ನಮ್ಮ ಮೈಸೂರು ಸಂಸ್ಥಾನವೂ 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆ ತೆರೆಯಿತು. ಅಲ್ಲಿ ಇವತ್ತಿಗೂ ಪ್ರಾಣಿಗಳ ಲಸಿಕೆ ತಯಾರಾಗುತ್ತದೆ.

ಸೀರಂನಲ್ಲಿ ಒಂದು ತೊಂದರೆಯಿತ್ತು. ಅದು ಸಾಲ ತಂದ ಶಕ್ತಿ. ಬೇರೆ ದನ ತಯಾರಿಸಿದ ಪ್ರತಿಕಾಯ ಕೆಲವು ದಿನ ಕಾಯುತ್ತದೆ, ಆಮೇಲೆ ಕರಗಿಹೋಗುತ್ತದೆ. ಇದು ಅರ್ಥವಾಗಲು ನನಗೆ ನೆರವಾಗಿದ್ದು ಗಿಣ್ಣು.

ಇಲ್ಲಿ ಒಂದು ತಪ್ಪೊಪ್ಪಿಗೆ. ನನಗೆ ಗಿಣ್ಣು ಅಂದ್ರೆ ಪ್ರಾಣ. ಚಿಕ್ಕವನಿದ್ದಾಗ ಹಸು ಈದ ದಿನ ಒಲೆಯ ಮುಂದೆಯೇ ಕೂತಿರುತ್ತಿದ್ದೆ. ಒಂದು ಸಲ ಹಾಗೇ ಮೊದಲ ದಿನದ ಹಾಲನ್ನು ಕರೆದು ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ನಾಲ್ಕು ಮನೆಗೆ ಹಂಚಿದೆವು. ವಾರದಲ್ಲಿ ಕರು ಭೇದಿಯಾಗಿ ಸತ್ತುಹೋಯಿತು. ನೋಡಲು ಬಂದ ದನದ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಕರುವಿಗೆ ಎಷ್ಟು ಗಿಣ್ಣು ಕುಡಿಸಿದಿರಿ?" ಯಾರೂ ಮಾತಾಡಲಿಲ್ಲ.

ವಿಷಯ ಏನಂದ್ರೆ, ಮನುಷ್ಯರ ಕೂಸಿಗೆ ಹೊಟ್ಟೆಯಲ್ಲಿರುವಾಗಲೇ ಮಾಸಿನ ಮೂಲಕ ತಾಯಿಯ ಪ್ರತಿಕಾಯಗಳು ಬರುತ್ತವೆ. ಹಸುವಿನ ಮಾಸಿನಲ್ಲಿ ಅವು ದಾಟುವುದಿಲ್ಲ. ಕರು ಹುಟ್ಟುವಾಗ ಬರಿಗೈ. ತಾಯಿ ಜೀವನವಿಡೀ ಕಲಿತದ್ದೆಲ್ಲ ಗಿಣ್ಣಿನಲ್ಲಿದೆ. ಕರುವಿನ ಕರುಳು ಅದನ್ನು ಇಡಿಯಾಗಿ ಹೀರಿಕೊಳ್ಳುವುದು ಹುಟ್ಟಿದ ಮೊದಲ ಒಂದು ದಿನ ಮಾತ್ರ, ಅದೂ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು. ಆಮೇಲೆ ಬಾಗಿಲು ಬಂದ್. ಕರು ಸತ್ತದ್ದಕ್ಕೆ ಅದೊಂದೇ ಕಾರಣವೋ ಏನೋ, ಆದರೆ ನನಗೆ ಗಿಣ್ಣು ಕಂಡಾಗಲೆಲ್ಲ ಆ ಪ್ರಶ್ನೆ ನೆನಪಾಗುತ್ತದೆ. ಈಗ ನಮ್ಮ ಮನೆಯಲ್ಲಿ ಕರು ಹೊಟ್ಟೆತುಂಬಾ ಕುಡಿದ ಮೇಲೆ ಉಳಿದರಷ್ಟೇ ಪಾತ್ರೆಗೆ.

ಗಿಣ್ಣೂ ಸಾಲವೇ, ಸೀರಂ ಕೂಡ ಸಾಲವೇ. ದೊಡ್ಡರೋಗಕ್ಕೆ ಬೇಕಾಗಿದ್ದು ಸ್ವಂತ ದುಡಿಮೆ. ಸೀರಂ ಜೊತೆಗೇ ರೋಗದ ರಕ್ತವನ್ನೂ ಚುಚ್ಚಿ, ದನ ತಾನೇ ಕಲಿಯಲಿ ಅಂತ ನೋಡಿದರು. ಕೆಲಸ ಮಾಡಿತು, ಆದರೆ ದುಬಾರಿ, ಅಪಾಯ ಕೂಡ. ಕೊನೆಗೆ 1927ರ ಹೊತ್ತಿಗೆ ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬಾತ ವೈರಸ್ಸನ್ನು ಮೇಕೆಯಿಂದ ಮೇಕೆಗೆ, ಮೇಕೆಯಿಂದ ಮೇಕೆಗೆ ದಾಟಿಸುತ್ತಾ ಹೋದ. ಮೇಕೆಯ ಮೈಗೆ ಒಗ್ಗಿದ ವೈರಸ್ ದನವನ್ನು ಕೊಲ್ಲುವುದನ್ನೇ ಮರೆತಿತ್ತು! ಆದರೆ ದನದ ಲಿಂಫೋಸೈಟ್‌ಗಳು ಅದನ್ನು ನೋಡಿ ಅಸಲಿ ಶತ್ರುವಿನ ಗುರುತು ಕಲಿತವು. ಸಾಯದೆ ಗೆದ್ದ ದನ. ಅಜ್ಜಿಯ ಮಾತು ಸೀಸೆಯೊಳಗೆ ಬಂದಿತ್ತು.

1954ರಲ್ಲಿ ದೇಶವ್ಯಾಪಿ ನಿರ್ಮೂಲನ ಕಾರ್ಯಕ್ರಮ ಶುರುವಾಯಿತು. ಆದರೂ ರೋಗ ಸುಲಭಕ್ಕೆ ಬಿಡಲಿಲ್ಲ. ನಮ್ಮೂರ ಕಡೆಯವರಿಗೆ ಬಂಡೀಪುರ ಅಂದ್ರೆ ಹಿತ್ತಲು ಇದ್ದ ಹಾಗೆ. ಊರ ದನ ಮೇಯುವುದೂ ಕಾಡಿನಂಚಿನಲ್ಲೇ. 1968ರಲ್ಲಿ ದೊಡ್ಡರೋಗ ಬಂಡೀಪುರ ಮತ್ತು ಮುದುಮಲೆಯ ಕಾಟಿಗಳಿಗೆ ಬಡಿದು ಹಿಂಡು ಹಿಂಡೇ ನೆಲಕಚ್ಚಿತು. ಕಾಟಿಗೆ ಯಾರು ಲಸಿಕೆ ಹಾಕಿಯಾರು? ಕಾಡಿನ ಕಾಟಿಯನ್ನು ಕಾಯಬೇಕಾದರೆ ಊರಿನ ದನಕ್ಕೆ ಸೂಜಿ ಚುಚ್ಚಬೇಕು, ಬೇರೆ ದಾರಿಯಿರಲಿಲ್ಲ. ಇವತ್ತು ಸಫಾರಿಯಲ್ಲಿ ಕಾಟಿ ನೋಡಿ ಫೋಟೋ ಹೊಡೆಯುವ ನಮಗೆ ಈ ಕಥೆ ಯಾರೂ ಹೇಳುವುದಿಲ್ಲ.

ಮುಂದೆ ಕೀನ್ಯಾದಲ್ಲಿ ವಾಲ್ಟರ್ ಪ್ಲೋರೈಟ್ ಅಂಗಾಂಶ ಕೃಷಿಯಲ್ಲಿ ಇನ್ನೂ ನಿರಪಾಯದ ಲಸಿಕೆ ಮಾಡಿದ. ಭಾರತದಲ್ಲಿ ಕೊನೆಯ ಸಲ ರೋಗ ಕಂಡದ್ದು 1995ರಲ್ಲಿ. ಆಮೇಲೆ ಬಂದದ್ದು ವಿಚಿತ್ರವಾದ ಹಂತ, ಲಸಿಕೆಯನ್ನೇ ನಿಲ್ಲಿಸುವುದು! ಯಾಕೆಂದರೆ ರಕ್ತದಲ್ಲಿ ಪ್ರತಿಕಾಯ ಸಿಕ್ಕರೆ ಅದು ಲಸಿಕೆಯಿಂದ ಬಂದದ್ದೋ ರೋಗದಿಂದಲೋ ಹೇಳಲಾಗುತ್ತಿರಲಿಲ್ಲ. ಲಸಿಕೆ ನಿಲ್ಲಿಸಿ, ಆಮೇಲೆ ಹುಟ್ಟಿದ ದನಗಳ ರಕ್ತ ಪರೀಕ್ಷಿಸಿ, ನೆನಪು ಇಲ್ಲ ಎಂದು ತೋರಿಸಿದರೆ ಮಾತ್ರ ರೋಗ ಇಲ್ಲ ಎಂದು ಲೆಕ್ಕ. 2006ರಲ್ಲಿ ಭಾರತ ರೋಗಮುಕ್ತ ಎನಿಸಿಕೊಂಡಿತು. 2011ರಲ್ಲಿ ಇಡೀ ಜಗತ್ತು. ಸಿಡುಬಿನ ನಂತರ ಮನುಷ್ಯ ಭೂಮಿಯಿಂದ ಅಳಿಸಿದ ಎರಡನೇ ರೋಗ ಇದು.

ಆದ್ದರಿಂದ ಇವತ್ತು ಭೀಮನಬೀಡಿನ ಕೊಟ್ಟಿಗೆಯಲ್ಲಿರುವ ಯಾವ ಹಸುವಿಗೂ ದೊಡ್ಡರೋಗದ ನೆನಪಿಲ್ಲ. ಅದರ ಗಿಣ್ಣಿನಲ್ಲೂ ಇಲ್ಲ. ಗೆಲುವು ಅಂದರೆ ಹೀಗೇ. ಮೈ ಮರೆಯಬಹುದಾದಷ್ಟು ಪೂರ್ತಿಯಾದ ಗೆಲುವು. ಆದರೆ ದನದ ಮೈ ಮರೆತದ್ದನ್ನು ನಾವೂ ಮರೆತುಬಿಟ್ಟರೆ? 2022ರಲ್ಲಿ ಸೂಜಿಗೆ ಹೆದರಿ ದನ ಬಚ್ಚಿಟ್ಟವರನ್ನೂ ಅದೇ ಬೀದಿಯಲ್ಲಿ ನೋಡಿದೆ. ದೊಡ್ಡರೋಗ ಕಂಡವರು ಯಾರಾದರೂ ಅಲ್ಲಿದ್ದಿದ್ದರೆ ಕಿವಿ ಹಿಂಡಿ ಹೊರಗೆ ಎಳೆತರುತ್ತಿದ್ದರು.

ಆ ಹಿರಿಯರಿಗೆ ಮುಂದಿನ ಸಲ ಹೋದಾಗ ಇದನ್ನೆಲ್ಲ ಹೇಳಿದೆ. ಚರ್ಮಗಂಟು, ಮೇಕೆ ಸಿಡುಬು ಎರಡೂ ಒಂದೇ ಕುಟುಂಬದ ವೈರಸ್ಸು, ಅದಕ್ಕೇ ಒಂದರ ಲಸಿಕೆ ಇನ್ನೊಂದಕ್ಕೆ ಆಗುತ್ತದೆ ಅಂದೆ. ಸುಮ್ಮನೆ ಕೇಳಿಸಿಕೊಂಡು, "ಅಂಗಾದ್ರೆ ಮೇಕೆಗೂ ಒಂದ್ ಕೈ ಮುಗೀಬೇಕು ಬುಡು" ಅಂದರು.

ನಿಮ್ಮ ಮನೆಯ ಹಿರಿಯರಿಗೆ ದೊಡ್ಡರೋಗದ ನೆನಪಿದೆಯಾ? ಇದ್ದರೆ ಕೇಳಿ ಬರೆದಿಡಿ. ಇನ್ನು ಸ್ವಲ್ಪ ವರ್ಷ ಹೋದರೆ ಹೇಳುವವರು ಸಿಗುವುದಿಲ್ಲ.